ಕಾಗೆ ಮಾತು ಬಲ್ಲೆನೆಂದ ಕೋಗಿಲೆ

ಗಲಾಟೆ ನಿಲ್ಲಿಸಿ, ಹತ್ತಿರ ಬನ್ನಿ ಮಕ್ಕಳೇ. ಇವತ್ತು ಕೊಕ್ಕರೆಕಟ್ಟೆಯ ಕತೆ ಹೇಳುತ್ತೇನೆ. ನಡುವೆ "ಆಮೇಲೆ?" ಅಂದರೆ ಮುಂದುವರಿಸುತ್ತೇನೆ. "ನಂಗೆ ಗೊತ್ತು" ಅಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ, ನೋಡಿ ಮತ್ತೆ.

ಕೊಕ್ಕರೆಕಟ್ಟೆ ಅಂದರೆ ಕುರುಚಲು ಕಾಡಿನ ನಡುವೆ ಇದ್ದ ಒಂದು ಕೆರೆ. ಈ ದಡದಲ್ಲಿ ಒಂದು ಅತ್ತಿಮರ, ಅದರ ಪಕ್ಕದಲ್ಲೇ ಒಂದು ಹೊಂಗೆಮರ. ಆ ದಡದಲ್ಲಿ ದೊಡ್ಡದೊಂದು ಹುಣಸೆಮರ. ಅತ್ತಿಮರದಲ್ಲಿ ಮಸಿ ಎಂಬ ಗಂಡು ಕೋಗಿಲೆ ಇದ್ದ. ಹೆಸರಿಗೆ ತಕ್ಕ ಹಾಗೆ ಕರ್ರಗೆ ಮಿರಮಿರ ಮಿಂಚುತ್ತಿದ್ದ.

ಆ ಹೆಸರಿಟ್ಟವಳು ಕೋಗಿಲೆಯಲ್ಲ, ಕಾಗೆ! ಕೋಗಿಲೆಗಳು ಗೂಡು ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಗುಟ್ಟಾಗಿ ಮೊಟ್ಟೆಯಿಟ್ಟು ಹಾರಿಹೋಗುತ್ತವೆ. ಹಾಗೆ ನಮ್ಮ ಮಸಿ ಕಣ್ಣು ಬಿಟ್ಟದ್ದು ಹೊಂಗೆಮರದ ಬೂದಕ್ಕನ ಗೂಡಿನಲ್ಲಿ. ಬೂದಕ್ಕ ಅಂದರೆ ಕತ್ತಿನ ಸುತ್ತ ಬೂದುಬಣ್ಣವಿದ್ದ ಒಂದು ತಾಯಿ ಕಾಗೆ. ಅವಳು ತನ್ನ ಮರಿಗಳ ಜೊತೆ ಅವನನ್ನೂ ಸಾಕಿದಳು.

ಆ ಗೂಡನ್ನು ಮಸಿ ಎಂದೂ ಮರೆಯಲಿಲ್ಲ. ಒಣಕಡ್ಡಿಯ ಗೂಡು, ಒಳಗೆ ಮೆತ್ತಗೆ ತೆಂಗಿನ ನಾರು. ಬೆಳಗಾದರೆ ಬೂದಕ್ಕ ಏನಾದರೂ ತರುತ್ತಿದ್ದಳು. ಒಂದಿನ ಅನ್ನದ ಅಗುಳು, ಒಂದಿನ ಮೀನಿನ ಚೂರು. "ಬಾಯಿ ತೆರೆ, ಕಂದಾ" ಅನ್ನುತ್ತಿದ್ದಳು. ಮಸಿ ರೆಕ್ಕೆ ಪಟಪಟ ಅಲುಗಿಸಿ, ಬಾಯಿ ಅಗಲಿಸಿ "ಅಮ್ಮಾ, ಹಸಿವು! ನಂಗೆ ಮೊದಲು!" ಅಂತ ಕಿರುಚುತ್ತಿದ್ದ. ತಿಂದು ಮುಗಿಸಿ "ಇನ್ನೂ ಬೇಕು" ಅನ್ನುತ್ತಿದ್ದ. ಸಂಜೆಯಾದರೆ "ಮಲಗು ಮರಿ" ಎಂದು ಅವಳು ರೆಕ್ಕೆಯಡಿ ಎಳೆದುಕೊಳ್ಳುತ್ತಿದ್ದಳು. ಎಂಥ ಸುಖದ ದಿನಗಳವು!

ಒಂದು ಬೆಳಗ್ಗೆ ಮಸಿ ಬಾಯಿ ತೆರೆದಾಗ "ಕುಹೂ" ಅನ್ನೋ ದನಿ ಬಂದುಬಿಟ್ಟಿತು. ಅವನಿಗೇ ಗಾಬರಿಯಾಯಿತು. ಸುತ್ತಲ ಕಾಗೆಗಳೆಲ್ಲ ಕುಕ್ಕಿ ಕುಕ್ಕಿ ಓಡಿಸಿದವು. ಬೂದಕ್ಕ ಮಾತ್ರ ಕುಕ್ಕಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡು ಕೂತಿದ್ದಳು. ಮಸಿ ಅಲ್ಲಿಂದ ಹೋದವನು ಎಲ್ಲೆಲ್ಲೋ ಅಲೆದು, ದೊಡ್ಡವನಾಗಿ, ಅತ್ತಿಹಣ್ಣಿನ ಕಾಲಕ್ಕೆ ಮತ್ತೆ ಕೊಕ್ಕರೆಕಟ್ಟೆಗೆ ಬಂದ. ಹಣ್ಣು ಒಂದು ನೆಪ ಅಷ್ಟೇ. ಎಲೆಮರೆಯಲ್ಲಿ ಕೂತು ಹೊಂಗೆಮರದ ಗೂಡನ್ನೇ ನೋಡುತ್ತಿದ್ದ. ಬೂದಕ್ಕ ಮತ್ತೆ ಕಾವು ಕೂತಿದ್ದಳು. ಹತ್ತಿರ ಹೋಗಲು ಮಾತ್ರ ಅವನಿಗೆ ಧೈರ್ಯ ಸಾಲಲಿಲ್ಲ.

ಧೈರ್ಯ ಇಲ್ಲದಿದ್ದರೇನು, ಜಂಬಕ್ಕೇನೂ ಕಡಿಮೆ ಇರಲಿಲ್ಲ! ಅತ್ತಿಮರದಲ್ಲಿ ಗೀರವ್ವ ಎಂಬ ಮುದಿ ಅಳಿಲು ಇದ್ದಳು. ಮಸಿ ದಿನಾ ಅವಳ ಮುಂದೆ ಕೂತು ಶುರುಮಾಡುತ್ತಿದ್ದ.

"ಕಾಗೆ ಮಾತು ನನಗೆ ನೀರು ಕುಡಿದಷ್ಟು ಸಲೀಸು, ಗೀರವ್ವ. ಅದು ನನ್ನ ತಾಯಿಮಾತು."

"ಹೌದೇನಪ್ಪ? ಹಾಗಾದರೆ ಅವು ದಿನಾ ಸಂಜೆ ಹುಣಸೆಮರದಲ್ಲಿ ಸೇರಿ ಅಷ್ಟು ಹೊತ್ತು ಏನು ಮಾತಾಡುತ್ತವೆ?"

"ಅದು... ಅವು ಎಲ್ಲ ಒಟ್ಟಿಗೆ ಮಾತಾಡ್ತವಲ್ಲ, ಇಷ್ಟು ದೂರಕ್ಕೆ ಸರಿಯಾಗಿ ಕೇಳಿಸಲ್ಲ. ಹತ್ತಿರ ಹೋದರೆ ಪ್ರತಿ ಮಾತೂ ತಿಳಿಯುತ್ತೆ!"

"ಹೂಂ, ತಿಳಿದೀತು" ಎಂದು ಗೀರವ್ವ ಹಣ್ಣು ಕಡಿಯುತ್ತಿದ್ದಳು.

ಕಾಗೆಗಳಿಗೆ ಒಂದು ಕಟ್ಟಳೆ ಇತ್ತು ಮಕ್ಕಳೇ. ಹೊತ್ತು ಇಳಿಯುವಾಗ ಎಲ್ಲರೂ ಹುಣಸೆಮರದ ಸಭೆಗೆ ಹೋಗಬೇಕು. ಕಾವು ಕೂತ ತಾಯಿಯೂ ಒಮ್ಮೆ ಹೋಗಿ ತಲೆ ತೋರಿಸಿ ಬರಬೇಕು. ಒಂದು ಸಂಜೆ ಬೂದಕ್ಕ ಹಾಗೆ ಆ ದಡಕ್ಕೆ ಹಾರಿದಳು. ಅದನ್ನೇ ಕಾಯುತ್ತಿದ್ದಂತೆ, ಪೊದೆಯಿಂದ ಒಂದು ಕೇರೆಹಾವು ಹೊರಬಂದು ಸರಸರನೆ ಹೊಂಗೆಮರ ಹತ್ತತೊಡಗಿತು.

ಮಸಿ ಅದನ್ನು ಕಂಡ. ಗೂಡಿನಲ್ಲಿ ಮೊಟ್ಟೆಗಳಿದ್ದವು. ಅವನು ಮಲಗಿದ್ದ ಅದೇ ಗೂಡು!

"ಅಯ್ಯಯ್ಯೋ! ಕಾಗೆಗಳನ್ನು ಕರೀಬೇಕು" ಎಂದಳು ಗೀರವ್ವ. "ಗುಂಪಾಗಿ ಮೇಲೆ ಬಿದ್ದರೆ ಹಾವು ನಿಲ್ಲುತ್ತಾ? ಬಾ, ಕೆರೆ ಏರಿ ಮೇಲೆ ಓಡೋಣ. ನಾನು ಬಾಲ ಎತ್ತಿ ಚಿಕ್ ಚಿಕ್ ಅಂದರೆ ಸಾಕು. ಅಳಿಲು ಹಾಗೆ ಕೂಗಿದರೆ ಅಪಾಯ ಅಂತ ಈ ಕಾಡಿನ ಎಲ್ಲ ಜಾತಿಗೂ ಗೊತ್ತು."

ಮಸಿಗೆ ಅದು ಹಿಡಿಸಲಿಲ್ಲ. "ಬೇಡ ಬೇಡ! ನೀನು ಹೀಗೆ ಚಿಕ್ ಚಿಕ್ ಅನ್ಕೊಂಡು ಬಂದರೆ ನಮ್ಮವರ ಮುಂದೆ ನನ್ನ ಮಾನ ಏನಾಗಬೇಕು? ನಾನೊಬ್ಬನೇ ಹೋಗಿ, ಅವರ ಮಾತಲ್ಲೇ ಚೊಕ್ಕವಾಗಿ ಹೇಳಿ ಕರಕೊಂಡು ಬರ್ತೀನಿ. ನೀನು ಬಾಯಿ ಮುಚ್ಚಿಕೊಂಡು ಇಲ್ಲೇ ಇರು."

"ನಿನ್ನಿಷ್ಟ ಮಾರಾಯ. ಬೇಗ ಹೋಗು ಮತ್ತೆ!"

ಮಸಿ ಹಾರಿದ. ಹಾರುತ್ತಾ ಅವನ ಮನಸ್ಸಿನಲ್ಲಿ ಏನೇನೋ ಆಸೆ. ಎಲ್ಲ ಕಾಗೆಗಳೂ ಬೆರಗಾಗಿ ನೋಡುತ್ತವೆ. "ಇವನು ನಮ್ಮವನೇ" ಅನ್ನುತ್ತವೆ. ಅಮ್ಮ ಈ ಸಲ ಮುಖ ತಿರುಗಿಸುವುದಿಲ್ಲ. ಹೀಗೆ ಅಂದುಕೊಳ್ಳುತ್ತಾ ಹುಣಸೆಮರದ ಕೊಂಬೆಗೆ ಬಂದು ಕೂತ. ಕರ್ರಗಿದ್ದನಲ್ಲ, ಮೊದಲು ಯಾರೂ ಗಮನಿಸಲಿಲ್ಲ.

ಸುತ್ತ ಕಾಗೆಗಳು ಮಾತಾಡುತ್ತಿದ್ದವು. ಮಸಿ ಕಿವಿಗೊಟ್ಟ. ಒಂದು ಮಾತೂ ತಿಳಿಯಲಿಲ್ಲ! ಎಷ್ಟು ವೇಗ, ಎಷ್ಟು ಬಗೆಯ ದನಿ! ದೂರದಿಂದ ಹೇಗೆ ಕೇಳಿಸುತ್ತಿತ್ತೋ ಹತ್ತಿರದಿಂದಲೂ ಹಾಗೇ. ಆದರೂ ಬಿಡಲಿಲ್ಲ. ಎದೆಯುಬ್ಬಿಸಿ, "ಹಾವು ಬಂದಿದೆ" ಅನ್ನಲು ಬಾಯಿ ತೆರೆದ.

ಹಾವಿಗೆ ಕಾಗೆ ಮಾತಲ್ಲಿ ಏನಂತಾರೆ?

ನೆನಪಾಗಲಿಲ್ಲ. ನೆನಪಾಗಲು ಅವನು ಅದನ್ನು ಕಲಿತೇ ಇರಲಿಲ್ಲ. ಇದ್ದ ಮಾತಿನಲ್ಲೇ ಹೇಗೋ ಹೇಳೋಣ ಎಂದು ಕೂಗಿದ: "ಅಮ್ಮಾ! ಬಾಯಿ! ಬಾಯಿ ತೆರೆ! ಹಸಿವು! ಹಸಿವು!" ಯಾವುದೋ ಹಸಿದ ಬಾಯಿ ತಿನ್ನಲು ಬರುತ್ತಿದೆ ಎಂದು ಅವರಿಗೆ ತಿಳಿದೀತು ಎಂಬುದು ಅವನ ಲೆಕ್ಕಾಚಾರ. ಆ ಮಾತು ಬಂದೊಡನೆ ಅಭ್ಯಾಸಬಲದಿಂದ ರೆಕ್ಕೆಗಳೂ ಮರಿಯ ಹಾಗೆ ಪಟಪಟ ಅಲುಗಿದವು.

ಸಭೆಯೆಲ್ಲ ತಿರುಗಿ ನೋಡಿತು. ಆಮೇಲೆ ಎದ್ದಿತು ನೋಡಿ ನಗು! ಮುದಿ ಕಾಗೆಯೊಂದು ಏನೋ ಅಂದಿತು. ಮಸಿಗೆ ತಿಳಿಯಲಿಲ್ಲ, ನಾನು ಹೇಳುತ್ತೇನೆ ಕೇಳಿ.

"ಯಾರಪ್ಪ ಈ ಆಸಾಮಿ? ಮದುವೆ ವಯಸ್ಸಾಗಿದೆ, ಸಭೆ ನಡುವೆ ಕೂತು ತುತ್ತು ಉಣಿಸು ಅಂತಾನಲ್ಲ!"

ಮಸಿ ಮತ್ತೆ ಕೂಗಿದ. "ನಂಗೆ ಮೊದಲು! ಅಮ್ಮಾ, ಹಸಿವು!" ಅವನ ಹತ್ತಿರ ಇದ್ದದ್ದೇ ಅಷ್ಟು. ಅಷ್ಟರಲ್ಲಿ ಯಾವುದೋ ಕಾಗೆ ಅವನ ಕೆಂಪು ಕಣ್ಣು ಕಂಡಿತು. "ಕೋಗಿಲೆ! ನಮ್ಮನ್ನು ಅಣಕಿಸೋಕೆ ಬಂದಿದ್ದಾನೆ!" ಎಂದಿತು. ನಗು ನಿಂತಿತು, ಕುಕ್ಕುವುದು ಶುರುವಾಯಿತು. ಮಸಿಯ ಪುಕ್ಕ ಉದುರಿತು. ಅತ್ತ ಹೊಂಗೆಮರದಲ್ಲಿ ಹಾವು ಗೂಡು ಮುಟ್ಟಿರಬೇಕು ಎಂದು ನೆನೆದು, ಕುಕ್ಕಿಸಿಕೊಂಡರೂ ಅವನು ಕೊಂಬೆ ಬಿಡಲಿಲ್ಲ.

ಆಗ ತುದಿಯ ಕೊಂಬೆಯಲ್ಲಿದ್ದ ಬೂದಕ್ಕ ತಿರುಗಿದಳು. ಆ "ನಂಗೆ ಮೊದಲು" ಅನ್ನೋ ದನಿಯನ್ನು ಅವಳು ಮರೆಯುತ್ತಾಳೆಯೇ? ಗುಂಪನ್ನು ಸರಿಸಿಕೊಂಡು ಬಂದು ಅವನೆದುರು ನಿಂತಳು.

ಅಮ್ಮ ಎದುರಿಗೇ ಇದ್ದಾಳೆ, ಹೇಳಲು ಮಾತಿಲ್ಲ! ಮಸಿಗೆ ಅಳುವೇ ಬಂತು. ಗೂಡಿನಲ್ಲಿದ್ದಾಗ ಅಪಾಯ ಬಂದರೆ ಅಮ್ಮ ಏನನ್ನುತ್ತಿದ್ದಳು? ಗಿಡುಗ ಬಂದ ದಿನ ನೆನಪಾಯಿತು. ಅವಳು ಏನೂ ಅಂದಿರಲಿಲ್ಲ. ಮರಿಗಳನ್ನು ಹೊಟ್ಟೆಯಡಿ ತಳ್ಳಿ, ಎರಡೂ ರೆಕ್ಕೆ ಹರಡಿ, ತಲೆ ತಗ್ಗಿಸಿ, ಕೊಕ್ಕು ಬಿಗಿದು ಗೂಡಿಗೆ ಅಂಟಿ ಕೂತಿದ್ದಳು. ಹೆದರಿಕೆಯ ಮಾತು ಮರಿಗಳ ಕಿವಿಗೆ ಬೀಳಲು ಅವಳು ಬಿಟ್ಟಿರಲೇ ಇಲ್ಲ.

ಮಸಿ ಬಾಯಿ ಮುಚ್ಚಿದ. ಎರಡೂ ರೆಕ್ಕೆ ಹರಡಿದ. ತಲೆ ತಗ್ಗಿಸಿ ಕೊಂಬೆಗೆ ಅಂಟಿ ಕೂತು, ಕಣ್ಣನ್ನು ಮಾತ್ರ ಹೊಂಗೆಮರದ ಕಡೆ ತಿರುಗಿಸಿದ.

ಬೂದಕ್ಕನಿಗೆ ಆ ಕ್ಷಣವೇ ಅರ್ಥವಾಯಿತು. ಗಂಟಲು ಹರಿಯುವ ಹಾಗೆ ಒಂದು ಕೂಗು ಕೂಗಿ ಹಾರಿದಳು. ಇಡೀ ಹುಣಸೆಮರ ಅವಳ ಹಿಂದೆ ಎದ್ದಿತು. ಕಾಗೆಗಳು ಹಾವಿನ ಮೇಲೆ ಮುಗಿಬಿದ್ದವು. ಬಾಲ ಕುಕ್ಕಿದವು, ತಲೆ ಕುಕ್ಕಿದವು. ಕೇರೆಹಾವು ಕೊಂಬೆಯಿಂದ ಜಾರಿ ಧೊಪ್ಪೆಂದು ಬಿದ್ದು ಪೊದೆ ಸೇರಿತು.

ಆದರೆ ಒಂದು ಮೊಟ್ಟೆ ಹೋಗಿತ್ತು. ಉಳಿದವು ಬೆಚ್ಚಗಿದ್ದವು.

"ನನ್ನನ್ನು ಕೂಗೋಕೆ ಬಿಟ್ಟಿದ್ದರೆ ಅದೂ ಉಳೀತಿತ್ತು" ಎಂದಳು ಗೀರವ್ವ, ಅತ್ತಿಮರಕ್ಕೆ ಮರಳಿದ ಮಸಿಗೆ. ಬೈಯಬೇಕೆಂದು ಬಂದವಳು ಮಸಿಯ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿದಳು.

"ನನಗೆ ಬರೋದು ಹಸಿವು, ತುತ್ತು, ನಿದ್ದೆ ಅಷ್ಟೇ ಗೀರವ್ವ" ಎಂದ ಮಸಿ. "ಅದನ್ನೇ ಇಡೀ ಕಾಗೆ ಮಾತು ಅಂದುಕೊಂಡಿದ್ದೆ. ನನ್ನ ಜಂಬಕ್ಕೆ ಅಮ್ಮನ ಮೊಟ್ಟೆ ಹೋಯಿತು." ಅವನು ಹೊರಟುಹೋಗಲು ರೆಕ್ಕೆ ಬಿಚ್ಚಿದ.

"ಮಸಿ" ಎಂದು ಕರೆದಳು ಬೂದಕ್ಕ.

ಅವಳು ಮೊಟ್ಟೆಗಳ ಮೇಲೆ ಕೂತಿದ್ದಳು. ಕಾಗೆಗಳು ಸುಮ್ಮನೆ ನೋಡುತ್ತಿದ್ದವು, ಯಾರೂ ಕುಕ್ಕಲಿಲ್ಲ. ಮಸಿ ಹೆದರುತ್ತಾ ಹೋಗಿ ಗೂಡಿನ ಪಕ್ಕದ ಕೊಂಬೆಯಲ್ಲಿ ಕೂತ. ಬೂದಕ್ಕ ಏನೇನೋ ಹೇಳಿದಳು, ದೊಡ್ಡವರ ಮಾತಿನಲ್ಲಿ. ಅವನಿಗೆ ಅರ್ಧವೂ ತಿಳಿಯಲಿಲ್ಲ. ನಿನ್ನೆಯ ಮಸಿಯಾಗಿದ್ದರೆ ಎಲ್ಲ ತಿಳಿದವರ ಹಾಗೆ ತಲೆಯಾಡಿಸುತ್ತಿದ್ದ. ಇವತ್ತು ತಲೆಯಾಡಿಸಲಿಲ್ಲ. ಮಿಕಮಿಕ ನೋಡುತ್ತಾ ಕೂತ.

ಅವಳಿಗೆ ತಿಳಿಯಿತು. ಮರಿಗೆ ಹೇಳುವ ಹಾಗೆ ನಿಧಾನವಾಗಿ, ಒಂದೇ ಒಂದು ದನಿ ತೆಗೆದಳು. ಹಾವು ಬಂದಾಗ ಕೂಗಿದ ಅದೇ ದನಿ, ಸಣ್ಣಗೆ. ಪೊದೆಯ ಕಡೆ ಕೊಕ್ಕು ತೋರಿಸಿ ಮತ್ತೊಮ್ಮೆ ತೆಗೆದಳು.

"ಬಾಯಿ ತೆರೆ, ಕಂದಾ" ಎಂದಳು.

ಮಸಿ ಬಾಯಿ ತೆರೆದ. ತುತ್ತಿಗಲ್ಲ, ಆ ಮಾತಿಗೆ. ಮೊದಲ ಸಲ ತಪ್ಪಾಯಿತು, ಸುತ್ತ ಕೂತ ಕಾಗೆಗಳು ನಕ್ಕವು. ಮತ್ತೆ ಹೇಳಿದ, ಮತ್ತೆ ಹೇಳಿದ. ಕೊನೆಗೆ ಸರಿಬಂತು. ಬೂದಕ್ಕ ಅವನ ಕತ್ತಿನ ಪುಕ್ಕವನ್ನು ಕೊಕ್ಕಿನಿಂದ ನೇವರಿಸಿದಳು. ಎಷ್ಟು ಕಾಲವಾಗಿತ್ತೋ ಹಾಗೆ ನೇವರಿಸಿ.

ಇನ್ನೊಂದು ಮಾತು ಹೇಳಿಕೊಡು ಎಂದು ಕೇಳಲು ಮಸಿಗೆ ಕಾಗೆ ಮಾತು ಬರುತ್ತಿರಲಿಲ್ಲ. ತನಗೆ ಬರುವ ಮಾತುಗಳನ್ನೆಲ್ಲ ಹುಡುಕಿದ. ಒಂದು ಸಿಕ್ಕಿತು.

"ಅಮ್ಮಾ," ಎಂದ, "ಇನ್ನೂ ಬೇಕು."

ನೀತಿ: ಗೂಡಿನಲ್ಲಿ ಕಲಿತ ನಾಲ್ಕು ಮಾತನ್ನೇ ಇಡೀ ಭಾಷೆ ಎಂದು ಬೀಗಬಾರದು, ಬಾರದ್ದನ್ನು ಬಾರದು ಎಂದು ಒಪ್ಪಿಕೊಂಡವನಿಗೆ ಉಳಿದದ್ದನ್ನು ಕಲಿಸುವವರು ಸಿಗುತ್ತಾರೆ.