ಹುಣಸೆಗಡದಲ್ಲಿ ಆಟ ನಿಂತ ಎಂಟು ದಿನ

"ಮಗ್ಗಿ ಹೇಳುವಾಗ ಮಕ್ಕಳು ನಗುತ್ತಿವೆ, ಪ್ರಭು! ಅಳಬೇಕಾದ ಜಾಗದಲ್ಲಿ ನಗು!"

ಹುಣಸೆಗಡದ ಆಸ್ಥಾನದಲ್ಲಿ ಅಪ್ರಮೇಯಶಾಸ್ತ್ರಿಗಳು ಹೀಗೆ ದೂರು ಕೊಟ್ಟಾಗ ದೊರೆ ಗಿರಿಯಪ್ಪನಾಯಕನಿಗೆ ಗಾಬರಿಯಾಯಿತು. ಬರ ಬಂದರೂ ಅವನು ಅಷ್ಟು ಗಾಬರಿಯಾದವನಲ್ಲ.

"ಎಲ್ಲಿ?"

"ಕೋಟೆಬಾಗಿಲ ಮಠದಲ್ಲಿ. ಆ ಮುದುಕ ಗುರುಪಾದಯ್ಯ ಮಕ್ಕಳ ಮುಂದೆ ಅಳಗುಳಿ ಮಣೆ ಇಟ್ಟಿದ್ದಾನೆ. ಹದಿನಾಲ್ಕು ಗುಳಿಗೆ ಐದೈದು ಹುಣಸೆಬೀಜ ಹಾಕಿಸಿ, ಎಷ್ಟಾಯಿತು ಅಂತ ಕೇಳುತ್ತಾನೆ. ಎಪ್ಪತ್ತು ಅಂತ ಕೂಗಿ ಕುಣಿಯುತ್ತವೆ!"

"ಎಪ್ಪತ್ತು ಸರಿ ತಾನೇ?"

"ಸರಿಯೇ. ಅದೇ ಅಪಾಯ! ವಿದ್ಯೆ ಎಂದರೆ ಕಷಾಯ, ಪ್ರಭು. ಮುಖ ಸಿಂಡರಿಸದೆ ಕುಡಿದರೆ ಮೈಗೆ ಹತ್ತುವುದಿಲ್ಲ. ಎಂಟೇ ದಿನ ರಾಜ್ಯದಲ್ಲಿ ಆಟವೆಂಬುದೇ ಇರದಂತೆ ಮಾಡಿ. ಹುಣಸೆಗಡ ಕಾಶಿಯಾಗದಿದ್ದರೆ ಕೇಳಿ."

ಕಾಶಿಗೆ ನಡೆದು ಹೋಗುವುದು ದೊರೆಗೆ ಎಂದೂ ಇಷ್ಟವಿರಲಿಲ್ಲ. ಕಾಶಿಯೇ ಇಲ್ಲಿಗೆ ಬರುವುದಾದರೆ ಬೇಡವೆನ್ನುವುದುಂಟೆ?

ಆಸ್ಥಾನದ ಮೂಲೆಯಲ್ಲಿ ನಿಂತಿದ್ದ ಓಬಯ್ಯನಿಗೆ ನಗು ಬಂತು. ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡ. ನಾಲಿಗೆಯ ಚುರುಕಿನಿಂದಲೇ ಆಸ್ಥಾನದಲ್ಲಿ ಅನ್ನ ತಿನ್ನುತ್ತಿದ್ದವನು ಅವನು. ದೊರೆ ಕಂಡುಬಿಟ್ಟ.

"ನಗು ಬಂತೇನೋ ಓಬಯ್ಯ? ಸರಿ, ಈ ಕೆಲಸ ನಿನ್ನದೇ. ಎಂಟು ದಿನ ರಾಜ್ಯದಲ್ಲಿ ಒಂದು ಆಟವೂ ನಡೆಯಕೂಡದು. ಒಂದೇ ಒಂದು ನನ್ನ ಕಣ್ಣಿಗೆ ಬಿತ್ತೋ, ನೀನೂ ಆ ಅಯ್ಯನೂ ಕೋಟೆಯಿಂದ ಆಚೆ."

ಓಬಯ್ಯನ ನಗು ಅಲ್ಲೇ ಇಂಗಿತು.

ಮಠಕ್ಕೆ ಹೋದರೆ ಗುರುಪಾದಯ್ಯ ಆಗಲೇ ಬಟ್ಟೆಯ ಗಂಟು ಕಟ್ಟುತ್ತಿದ್ದರು. "ಎಪ್ಪತ್ತು ದಾಟಿತಪ್ಪ ನನಗೆ. ಕಲಿಸುವುದು ಬಿಟ್ಟು ಬೇರೇನೂ ಬಾರದು. ಯಾವೂರಿಗೆ ಅಂತ ಹೋಗಲಿ?"

"ಗಂಟು ಬಿಚ್ಚಿ, ಅಯ್ಯನವರೇ. ದೊರೆಯ ಅಪ್ಪಣೆಯನ್ನು ಒಂದು ಕೂದಲೆಳೆಯೂ ತಪ್ಪದ ಹಾಗೆ ನಡೆಸುತ್ತೇನೆ. ದೊರೆಗಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ."

ಮೊದಲ ದಿನ ಮಕ್ಕಳ ಮಣೆ, ಕವಡೆ, ಚಿನ್ನಿದಾಂಡುಗಳೆಲ್ಲ ಉಗ್ರಾಣ ಸೇರಿದವು. ಶಾಸ್ತ್ರಿಗಳು ಬೆತ್ತ ಹಿಡಿದು ಮಠದಲ್ಲಿ ಕೂತರು. ನಗು ನಿಂತಿತು. ಶಾಸ್ತ್ರಿಗಳು ತಲೆದೂಗಿದರು.

ಎರಡನೆಯ ದಿನ ಓಬಯ್ಯ ಗರಡಿಗೆ ನುಗ್ಗಿದ. ಇಬ್ಬರು ಪೈಲ್ವಾನರು ಸೆಣಸುತ್ತಿದ್ದರು.

"ಇವನು ನಿನ್ನ ಶತ್ರುವೇನಯ್ಯ?"

"ಅಲ್ಲ, ನಮ್ಮ ಭಾವ."

"ವೈರವಿಲ್ಲದೆ ಭಾವನನ್ನು ಕೆಡವುವುದು ಆಟ. ಮುಚ್ಚಿ ಗರಡಿ!"

ಬಯಲಿನಲ್ಲಿ ರಾವುತರು ಕುದುರೆ ಓಡಿಸುತ್ತಿದ್ದರು.

"ಎಲ್ಲಿಗೆ ಹೊರಟಿರಿ?"

"ಎಲ್ಲಿಗೂ ಇಲ್ಲ ಸ್ವಾಮಿ, ಸುತ್ತು ಹೊಡೆಯುತ್ತಿದ್ದೇವೆ."

"ಎಲ್ಲಿಗೂ ಹೋಗದೆ ಓಡುವುದು ಆಟವಲ್ಲದೆ ಇನ್ನೇನು? ಇಳಿಯಿರಿ!"

ಬಿಲ್ಲಾಳುಗಳು ಕುಂಬಳಕಾಯಿ ತೂಗುಹಾಕಿ ಗುರಿ ನೋಡುತ್ತಿದ್ದರು. ಓಬಯ್ಯ ಸೊಂಟದ ಮೇಲೆ ಕೈಯಿಟ್ಟು ನಿಂತ. "ಈ ಬಡಪಾಯಿ ಕುಂಬಳಕಾಯಿ ರಾಜ್ಯಕ್ಕೆ ಏನು ದ್ರೋಹ ಬಗೆದಿದೆ? ಕೊಡಿ ಇಲ್ಲಿ ಬಿಲ್ಲು."

ದಳವಾಯಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ಈ ಕೆಲಸಕ್ಕೆಂದು ದೊರೆ ಕೊಟ್ಟಿದ್ದ ಮುದ್ರೆಯುಂಗುರವನ್ನು ಓಬಯ್ಯ ತೋರಿಸಿದ. ದಳವಾಯಿಯ ಕಣ್ಣು ಬೆಳ್ಳಗಾಯಿತು.

ಎಂಟನೆಯ ದಿನ ದೊರೆ ಶಾಸ್ತ್ರಿಗಳನ್ನು ಕರೆದುಕೊಂಡು ಸೈನ್ಯ ನೋಡಲು ಬಯಲಿಗೆ ಬಂದ. ಕುದುರೆ ಕಾಣದು, ಕತ್ತಿಯ ಸದ್ದು ಕೇಳದು. ಮರದ ನೆರಳಲ್ಲಿ ಮುನ್ನೂರು ಮಂದಿ ಮೀಸೆ ಹೊತ್ತವರು ಚಕ್ಕಳಮಕ್ಕಳ ಹಾಕಿ ಕೂತು ರಾಗವಾಗಿ ಬಾಯಿಪಾಠ ಮಾಡುತ್ತಿದ್ದರು: "ಬಿಲ್ಲು ಎಡಗೈಲಿ, ಬಾಣ ಬಲಗೈಲಿ..." ತಪ್ಪಿದವನೊಬ್ಬನನ್ನು ಕೈ ಕಟ್ಟಿ ಕೊಂಬೆಗೆ ಹಗ್ಗದಿಂದ ನೇತುಹಾಕಲಾಗಿತ್ತು. ಮಠಗಳಲ್ಲಿ ದಡ್ಡ ಮಕ್ಕಳಿಗೆ ಹಾಕುವ ಕೋದಂಡದ ಶಿಕ್ಷೆ.

"ಏನಿದು ಓಬಯ್ಯ?"

"ಶಾಸ್ತ್ರಿಗಳ ಪದ್ಧತಿ, ಪ್ರಭು. ಆಟವಿಲ್ಲದ ಯುದ್ಧವಿದ್ಯೆ. ಎಲ್ಲರಿಗೂ ಕಂಠಪಾಠವಾಗಿದೆ."

"ಎಲ್ಲಿ, ಒಂದು ಬಾಣ ಬಿಡಿಸು ನೋಡೋಣ."

ಹೊಸದಾಗಿ ಸೇರಿದ ಬಿಲ್ಲಾಳೊಬ್ಬ ಎದ್ದ. ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಆಮೇಲೆ ಬಿಲ್ಲು ಹಿಡಿದು ಕಣ್ಣು ಮುಚ್ಚಿ ಎಳೆದ. ಗುರಿ ಮೂಡಣದಲ್ಲಿತ್ತು. ಬಾಣ ತೆಂಕಣಕ್ಕೆ ಹೋಗಿ ಶಾಸ್ತ್ರಿಗಳ ಪೇಟವನ್ನು ಹಾರಿಸಿಕೊಂಡು ಬೇಲಿಗೆ ನಾಟಿತು.

"ಅಯ್ಯೋ ಮೂರ್ಖ!" ದೊರೆ ಗುಡುಗಿದ. "ಅಭ್ಯಾಸವಿಲ್ಲದೆ ಬಾಣ ಹೇಗೋ ಬರುತ್ತದೆ? ನಾಳೆ ಶತ್ರು ಬಂದರೆ ಅವನ ಮುಂದೆ ಪದ್ಯ ಹೇಳುತ್ತೀರಾ? ಕುಂಬಳಕಾಯಿಗೆ ಬಿಟ್ಟು ಬಿಟ್ಟು ತಾನೇ ಕೈ ಪಳಗುವುದು!"

"ಹೌದೇ, ಪ್ರಭು?" ಓಬಯ್ಯ ಕೈ ಮುಗಿದ. "ನನಗೆ ತಿಳಿಯದೆ ಹೋಯಿತು. ಸೈನಿಕ ಕುಂಬಳಕಾಯಿಗೆ ಗುರಿಯಿಟ್ಟರೆ ಅಭ್ಯಾಸ. ಮಗು ಹುಣಸೆಬೀಜ ಎಣಿಸಿದರೆ ಆಟ. ಮೀಸೆ ಬಂದ ಮೇಲೆ ಹೆಸರು ಬದಲಾಗುತ್ತದೆ ಅಂತ ಯಾರೂ ಹೇಳಲೇ ಇಲ್ಲ."

ದೊರೆ ತನ್ನ ಮೀಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ.

ಪೇಟ ಹುಡುಕಿಕೊಂಡು ಬಂದ ಶಾಸ್ತ್ರಿಗಳು ಕಿಡಿಕಿಡಿಯಾದರು. "ಕೋದಂಡವನ್ನು ಹಾಸ್ಯ ಮಾಡುತ್ತೀಯಾ? ಏಳು ವರ್ಷ ತೊಲೆಗೆ ತೂಗಾಡಿಯೇ ನಾನು ಇವತ್ತು ಶಾಸ್ತ್ರಿಯಾಗಿರುವುದು!"

"ಹಾಗಾದರೆ ಇನ್ನೊಂದು ದಿನ ತೂಗಾಡಿ!" ದೊರೆಯ ಸಿಟ್ಟಿಗೆ ಕೊನೆಗೂ ದಾರಿ ಸಿಕ್ಕಿತು. "ಯಾರಲ್ಲಿ? ಇವರನ್ನು ಆ ಕೊಂಬೆಗೆ ಏರಿಸಿ!"

ಓಬಯ್ಯ ಅಡ್ಡ ಬಂದ. "ಬೇಡ, ಪ್ರಭು. ಏಳು ವರ್ಷ ಹಾಕಿದ್ದಕ್ಕೇ ಹೀಗಾಗಿದ್ದಾರೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮುನ್ನೂರು ಮೀಸೆಗಳೂ ನಕ್ಕವು. ಕೊಂಬೆಯಲ್ಲಿದ್ದವನೂ ನೇತಾಡುತ್ತಲೇ ನಕ್ಕ.

ಅಂದೇ ಸಂಜೆ ಉಗ್ರಾಣದ ಬಾಗಿಲು ತೆರೆಯಿತು. ಗುರುಪಾದಯ್ಯ ಮಣೆಯ ಧೂಳು ಒರೆಸಿ ಮತ್ತೆ ಮಕ್ಕಳ ನಡುವೆ ಕೂತರು. ಓಬಯ್ಯನಿಗೆ ದೊರೆ ತನ್ನ ಹೆಗಲ ಶಾಲನ್ನೇ ಹೊದಿಸಿದ.

ಶಾಸ್ತ್ರಿಗಳು? ಆಟದಲ್ಲಿ ಎಷ್ಟು ದೋಷವಿದೆಯೆಂದು ತೋರಿಸಿಕೊಡುತ್ತೇನೆಂದು ಮರುದಿನ ಮಠಕ್ಕೆ ಹೋದರು. ಎಂಟು ವರ್ಷದ ಬೊಮ್ಮಕ್ಕ ಎಂಬ ಹುಡುಗಿಯ ಎದುರು ಅಳಗುಳಿ ಮಣೆಗೆ ಕೂತು ಮೂರು ಸಲ ಸೋತರು. ಈ ಆಟದ ನಿಯಮದಲ್ಲಿ ವ್ಯಾಕರಣದೋಷವಿದೆ ಎಂದು ಗುಡುಗಿ ಎದ್ದು ಹೋದರು.

ಅದರ ಮರುದಿನ ಎಲ್ಲ ಮಕ್ಕಳಿಗಿಂತ ಮೊದಲೇ ಬಂದು ಕೂತಿದ್ದವರು ಅವರೇ.