ನೀಲಿ ಬಾವುಟದ ಕೆಳಗಿನ ಮೊಟ್ಟೆಗಳು

ಕರಾವಳಿಯ ಒಂದು ಸಣ್ಣ ಬಂದರಿನಲ್ಲಿ ದೀಪ್ತಿ ಎಂಬ ಹುಡುಗಿ ಇದ್ದಳು. ಮೀನುಗಾರ ಖೇಮು ಹರಿಕಂತ್ರನ ಮಗಳು. ಮೀನುಗಾರಿಕೆ ಕಾಲೇಜಿನಲ್ಲಿ ಓದಿ, ಕಡಲ ಜೀವಿಗಳನ್ನು ಉಳಿಸುವ ಒಂದು ಸಂಸ್ಥೆಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದಳು. ಮಾರ್ಚ್ ಕೊನೆಗೆ ಅವಳ ಅವಧಿ ಮುಗಿಯುವುದಿತ್ತು. ಖಾಯಂ ಹುದ್ದೆ ಇದ್ದದ್ದು ಒಂದೇ ಒಂದು. ಅದು ತನಗೆ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಅವಳ ಕೆಲಸ ಇಷ್ಟು. ಕಪ್ಪೆ ಬೊಂಡಾಸ್ ಎಂಬ, ಹೆದರಿದರೆ ಮಸಿ ಕಾರುವ ಕಡಲ ಜೀವಿ (ಕಟಲ್‌ಫಿಶ್) ಮೊಟ್ಟೆಯಿಡಲು ಕಡ್ಡಿ, ಕೊಂಬೆ ಏನಾದರೂ ಹುಡುಕುತ್ತದೆ. ಬಲೆ ಎಳೆದೆಳೆದು ಅಲ್ಲಿನ ಕಡಲ ತಳ ಬೋಳಾಗಿತ್ತು. ಕಾಯಿ ಕೊಯ್ದು ಬಿಸಾಡಿದ ತೆಂಗಿನ ಗೊನೆಗಳನ್ನು ದೀಪ್ತಿ ಮರಳ ಚೀಲಕ್ಕೆ ಕಟ್ಟಿ ತಳಕ್ಕಿಳಿಸಿದಳು. ತಾಯಿ ಬೊಂಡಾಸ್‌ಗಳು ಬಂದು, ದ್ರಾಕ್ಷಿ ಗೊಂಚಲಿನ ಹಾಗೆ, ಗೊನೆಗಳ ತುಂಬ ಬಿಳಿ ಮೊಟ್ಟೆ ಅಂಟಿಸಿದವು. ಮರಿ ಹೊರಬರುವವರೆಗೆ ಯಾರೂ ಅವನ್ನು ಮುಟ್ಟಬಾರದು.

ಮುಟ್ಟದಂತೆ ತಡೆಯಲು ಆ ಬಂದರಿನಲ್ಲಿ ಹಳೆಯದೊಂದು ಪದ್ಧತಿ ಇತ್ತು. ಪ್ರತಿ ಮನೆತನಕ್ಕೂ ಒಂದು ಬಣ್ಣ. ಬಲೆ ಬಿಟ್ಟವರು ನೀರಿನ ಮೇಲೆ ತೇಲುವ ಬೆಂಡಿಗೆ ತಮ್ಮ ಬಣ್ಣದ ಬಟ್ಟೆ ಕಟ್ಟುತ್ತಾರೆ. ಅದು ಕಂಡಲ್ಲಿ ಬೇರೆಯವರು ಗಾಳ ಕೂಡ ಹಾಕುವುದಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಹಾಕುವುದಿಲ್ಲ. ದೀಪ್ತಿಯ ಮನೆಯದು ಕೆಂಪು. ಅವಳು ಗೊನೆಗಳ ಮೇಲೆ ತೇಲಿಬಿಟ್ಟ ಪ್ರತಿ ಬೆಂಡಿಗೂ ಕೆಂಪು ಬಟ್ಟೆ ಕಟ್ಟಿದ್ದಳು.

ಒಂದು ದಿನ ಯೋಜನೆಯ ಮುಖ್ಯಸ್ಥರಾದ ಸದಾನಂದ ಬಾಳಿಗರು ಅದನ್ನು ನೋಡಿದರು.

"ಇದೇನು ದೀಪ್ತಿ, ಹರಕು ಬಟ್ಟೆ? ಹಣ ಕೊಡುವವರು ಬರುವ ಶನಿವಾರ ನೋಡಲು ಬರುತ್ತಿದ್ದಾರೆ. ಫೋಟೋದಲ್ಲಿ ಸಂಸ್ಥೆಯ ಹೆಸರು ಕಾಣಬೇಡವೇ?"

ಅವರು ಹೊಸ ನೀಲಿ ಬಾವುಟಗಳನ್ನು ಕೊಟ್ಟರು. ಆ ಬಂದರಿನಲ್ಲಿ ನೀಲಿ ಯಾರ ಬಣ್ಣವೂ ಅಲ್ಲ. ಅದಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲ ಎಂದು ದೀಪ್ತಿಗೆ ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುದ್ದೆ ನೆನಪಾಯಿತು. "ಆಯಿತು ಸರ್" ಎಂದಳು. ಕೆಂಪು ಬಟ್ಟೆ ಬಿಚ್ಚಿ ನೀಲಿ ಬಾವುಟ ಕಟ್ಟಿದಳು.

ಬುಧವಾರ ಬೆಳಿಗ್ಗೆ ಅವಳು ಮೀನು ಹರಾಜಿನ ಕಟ್ಟೆಗೆ ಹೋದಳು. ಮಂಕಾಳಿ ಎಂಬ ತಾಂಡೇಲ, ಅಂದರೆ ದೋಣಿ ನಡೆಸುವವ, ಬುಟ್ಟಿಗಟ್ಟಲೆ ಕಪ್ಪೆ ಬೊಂಡಾಸ್ ತಂದಿದ್ದ. ದೀಪ್ತಿ ಒಂದನ್ನು ಎತ್ತಿ ಒತ್ತಿ ನೋಡಿದಳು. ಹೊಟ್ಟೆ ತುಂಬ ಮೊಟ್ಟೆ.

"ಮಂಕಾಳಿ ಮಾವ, ಇವು ಎಲ್ಲಿ ಸಿಕ್ಕವು?"

"ನೀನೇ ಕೇಳ್ತೀಯಲ್ಲೆ ಮಾರಾಯ್ತಿ! ನೀಲಿ ಬಾವುಟ ನೆಟ್ಟು ಇಲ್ಲಿ ಬನ್ನಿ ಅಂತ ಕರೆದವಳು ನೀನೇ ಅಲ್ವಾ?"

ಮೀನು ಮಾರುವ ಹೆಂಗಸರೆಲ್ಲ ನಕ್ಕರು.

"ಬಾವುಟ ಕಂಡ ಮೇಲೂ ಗಾಳ ಹಾಕಿದ್ರಾ?"

"ಕೆಂಪು ಬಟ್ಟೆ ಇರುವಷ್ಟು ದಿನ ಯಾರಾದ್ರೂ ಆ ಕಡೆ ಮೂತಿ ತಿರುಗಿಸಿದ್ರಾ? ಖೇಮುನ ಬಲೆ ಅಂತ ಎಲ್ಲರೂ ಸುತ್ತು ಹಾಕಿ ಹೋಗ್ತಿದ್ರು. ಈ ನೀಲಿ ಯಾರ ಮನೇದು? ನಿಮ್ಮ ಸಾಹೇಬ್ರು ಯಾವಾಗ ಬಲೆ ಬಿಟ್ರು? ಬಲೆ ಅಲ್ಲ ಅಂತಾದ ಮೇಲೆ ಗಾಳ ಇಳಿಸಿದೆ. ನಾಳೆ ನನ್ನ ತಮ್ಮನ ದೋಣಿನೂ ಹೋಗ್ತದೆ. ನಮಗೂ ಹೊಟ್ಟೆ ಇಲ್ವೇನೆ ತಂಗಿ?"

ಬೇಡಿಕೊಂಡರೆ ಅವನೊಬ್ಬ ನಿಂತಾನು. ಅವನ ಮಾತು ಕೇಳಿಸಿಕೊಂಡು ನಿಂತಿದ್ದ ಉಳಿದವರು ನಿಲ್ಲುತ್ತಾರೆಯೇ? ಅವಳು ಕಚೇರಿಗೆ ಓಡಿದಳು.

"ಸರ್, ಗೊನೆಗಳನ್ನು ಇವತ್ತೇ ತೆಗೆದು ಬಂಡೆಗಳ ನಡುವೆ ಇಳಿಸಬೇಕು. ಬೆಂಡು ಬೇಡ, ಗುರುತು ಬೇಡ."

"ಶನಿವಾರ ಅತಿಥಿಗಳಿಗೆ ಏನು ತೋರಿಸಲಿ? ಖಾಲಿ ನೀರನ್ನೇ?"

"ಶನಿವಾರದ ಹೊತ್ತಿಗೆ ಗಾಳಕ್ಕೆ ಸಿಕ್ಕಿ ಎಲ್ಲ ಹರಿದುಹೋಗಿರುತ್ತವೆ ಸರ್."

"ಒಂದಾದರೂ ಉಳಿದಿರುತ್ತದೆ. ಅದನ್ನೇ ಮೇಲೆತ್ತಿ ತೋರಿಸೋಣ. ನೋಡಮ್ಮ, ಹುದ್ದೆಗೆ ನಾನು ಹೇಳಿರುವುದು ನಿನ್ನ ಹೆಸರನ್ನೇ. ಅವರು ಬಂದು ಹೋಗಲಿ. ಆಮೇಲೆ ನೀನು ಹೇಳಿದ ಹಾಗೆಯೇ ಮಾಡೋಣ."

ಬಾಳಿಗರು ಗದರಿಸಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಅವಳಿಗೆ ಇನ್ನಷ್ಟು ಭಯವಾಯಿತು. ಗದರಿಸಿದ್ದರೆ ಎದುರು ಮಾತಾಡುವುದು ಸುಲಭವಿತ್ತು. ಮನೆಯವರೆಗೂ "ಆಮೇಲೆ" ಎಂಬ ಆ ಮಾತು ಅವಳ ತಲೆ ಕೊರೆಯಿತು.

ಅಂಗಳದಲ್ಲಿ ಖೇಮು ಬಲೆ ಹೊಲಿಯುತ್ತಿದ್ದ. ಮಗಳು ಎಲ್ಲವನ್ನೂ ಹೇಳಿದಳು.

"ಮತ್ತೆ ಕೆಂಪು ಬಟ್ಟೆ ಕಟ್ಟಿದ್ರೆ?" ಎಂದ.

"ಕೆಳಗೆ ಬಲೆ ಇಲ್ಲ ಅಂತ ಊರಿಗೇ ಗೊತ್ತಾಯ್ತಪ್ಪ. ಇನ್ನು ಯಾರು ನಂಬ್ತಾರೆ?"

"ಕೆಲಸ ಹೋದ್ರೆ?"

"ಹೋಗ್ತದೆ."

ಖೇಮು ಸೂಜಿಯನ್ನು ಬಲೆಗೆ ಚುಚ್ಚಿಟ್ಟು, ಡೀಸೆಲ್ ಕ್ಯಾನು ಎತ್ತಿಕೊಂಡ. ದೋಣಿ ಹತ್ತುವ ಮೊದಲು ದೀಪ್ತಿ ಬಾಳಿಗರಿಗೆ ಫೋನ್ ಮಾಡಿದಳು. "ಸರ್, ಈಗ ತೆಗೆಯಲು ಹೋಗುತ್ತಿದ್ದೇನೆ. ನಿಮಗೆ ತಿಳಿಸದೆ ಮಾಡಬಾರದು ಎಂದು ಹೇಳುತ್ತಿದ್ದೇನೆ." ಆ ಕಡೆಯಿಂದ ಒಂದೇ ಮಾತು ಬಂತು: "ಹಾಗಾದರೆ ನಿನ್ನ ಹೆಸರು ಬಿಡಬೇಕಾಗುತ್ತದೆ."

ಅದು ಮಧ್ಯಾಹ್ನ. ಹೆಚ್ಚಿನ ದೋಣಿಗಳು ದಡದಲ್ಲಿದ್ದವು. ಮೊದಲ ಗೊನೆ ಮೇಲೆ ಬಂದಾಗ ಅರ್ಧ ಮುರಿದಿತ್ತು. ಗಾಳದ ಕೊಕ್ಕೆಗಳು ಮೊಟ್ಟೆಗಳನ್ನು ಕಿತ್ತು ಹಾಕಿದ್ದವು. ಉಳಿದ ಗೊನೆಗಳನ್ನು ಅವರು ನೀರಿನಿಂದ ಹೊರಗೆ ತೆಗೆಯದೆಯೇ ದೋಣಿಯ ಮಗ್ಗುಲಿಗೆ ಕಟ್ಟಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ದೂರದಲ್ಲೊಂದು ದೋಣಿ ಕಾಣಿಸಿತು. ಅವರು ಗೊನೆ ಇಳಿಸುವ ಜಾಗ ಅದರಲ್ಲಿದ್ದವರ ಕಣ್ಣಿಗೆ ಬಿದ್ದರೆ ಇಷ್ಟೂ ಕೆಲಸ ವ್ಯರ್ಥ.

"ಬೇಗ ಓಡಿಸಪ್ಪ!"

"ಬೇಗ ಓಡಿಸಿದ್ರೆ ಮೊಟ್ಟೆ ಉದುರ್ತದೆ ಅಂದವಳು ನೀನೇ."

ದೋಣಿ ತೆವಳಿದಂತೆ ಸಾಗಿತು. ದೀಪ್ತಿ ಗೊನೆ ಕಟ್ಟಿದ ಹಗ್ಗಗಳನ್ನು ಹಿಡಿದು ಕುಳಿತಳು. ಆ ಇನ್ನೊಂದು ದೋಣಿ ಅವರ ಕಡೆಗೇ ಬಂತು, ಬಂತು, ಕೊನೆಗೆ ತೆಂಕು ದಿಕ್ಕಿಗೆ ತಿರುಗಿತು. ಬಲೆ ಎಳೆಯಲಾಗದ ಬಂಡೆಗಳ ನಡುವೆ ಅಪ್ಪ ಮಗಳು ಗೊನೆಗಳನ್ನು ಒಂದೊಂದಾಗಿ ಇಳಿಸಿದರು. ಮೇಲೆ ಏನೂ ಉಳಿಸಲಿಲ್ಲ.

ಶನಿವಾರ ಅತಿಥಿಗಳು ಬಂದರು. "ನಾವು ಕೊಟ್ಟ ಹಣದ ಕೆಲಸ ಎಲ್ಲಿದೆ?" ಎಂದು ಒಬ್ಬರು ಕೇಳಿದರು.

ದೀಪ್ತಿ ಮಡಚಿದ ನೀಲಿ ಬಾವುಟಗಳನ್ನು ಮೇಜಿನ ಮೇಲಿಟ್ಟಳು. "ಕಡಲೊಳಗಿದೆ. ಜಾಗ ಹೇಳಲಾರೆ. ಈ ಬಾವುಟ ಕಟ್ಟಬಾರದು ಎಂದು ಗೊತ್ತಿದ್ದೂ ಕಟ್ಟಿದವಳು ನಾನು. ಅದರಿಂದ ಎಷ್ಟೋ ತಾಯಿಗಳು ಸತ್ತವು" ಎಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅತಿಥಿಗಳು ಗಡಿಯಾರ ನೋಡಿಕೊಂಡು ಎದ್ದರು. ಹುದ್ದೆ ಬೇರೊಬ್ಬರ ಪಾಲಾಯಿತು.

ಏಪ್ರಿಲ್‌ನಲ್ಲಿ, ಕೆಲಸವಿಲ್ಲದ ದೀಪ್ತಿ ತಂದೆಯ ದೋಣಿಯಲ್ಲಿ ಹೋಗಿ ಬಂಡೆಗಳ ನಡುವೆ ಮುಳುಗಿದಳು. ಗೊನೆಗಳ ಮೇಲೆ ಮೊಟ್ಟೆಯ ಖಾಲಿ ಸಿಪ್ಪೆಗಳಷ್ಟೇ ತೂಗುತ್ತಿದ್ದವು. ಮರಿ ಹೊರಬಂದು ಖಾಲಿಯಾದವೋ, ಮೀನು ತಿಂದು ಖಾಲಿಯಾದವೋ? ತಿಳಿಯದೆ ಅವಳು ಕಂಗಾಲಾದಳು. ಇನ್ನೇನು ಮೇಲೇರಬೇಕು, ಅಷ್ಟರಲ್ಲಿ ಗೊನೆಯ ಕಡ್ಡಿಯೊಂದರ ಹಿಂದೆ ಏನೋ ಅಲುಗಿತು. ಉಗುರಿನಷ್ಟು ಪುಟ್ಟ ಬೊಂಡಾಸ್ ಮರಿ. ಅದು ದೀಪ್ತಿಯನ್ನು ಶತ್ರುವೆಂದೇ ತಿಳಿಯಿತು. ಅವಳ ಮುಖಕ್ಕೆ ಒಂದು ಹನಿ ಮಸಿ ಕಾರಿ ಓಡಿಹೋಯಿತು.

ನೀತಿ: ಮಕ್ಕಳೇ, ಕಡಲನ್ನು ಕಾಯುವ ಕೆಲಸ ಹಿಡಿಯಬೇಕೆಂದು ನಿಮಗೆ ಆಸೆಯಿದ್ದರೆ ಸಂತೋಷ, ಹಿಡಿಯಿರಿ. ಆದರೆ ನೀವು ಕಾಯಬೇಕಾದ ಜೀವ ಒಂದು ಕಡೆ, ನಿಮ್ಮ ಹೆಸರು ಇನ್ನೊಂದು ಕಡೆ ನಿಲ್ಲುವ ದಿನ ಖಂಡಿತ ಬರುತ್ತದೆ. ಆ ದಿನ ಹೆಸರನ್ನು ಬಿಟ್ಟುಕೊಡಿ. ಆಮೇಲೆ ಸರಿಪಡಿಸಿದರಾಯಿತು ಎನ್ನಬೇಡಿ. ಆಮೇಲೆ ಕಾಯಲು ಅಲ್ಲಿ ಏನೂ ಇರುವುದಿಲ್ಲ.