ಶಟರಿನ ಅಡಿಯ ಸಂದು

ಗುಡ್ಡದ ಮೇಲಿನ ಊರಿನಲ್ಲಿ ಚಳಿ ಶುರುವಾಗುತ್ತಿದ್ದಂತೆ ಶಾಂತೇಗೌಡ ತನ್ನ ಕಾರ್ ಶೆಡ್ಡಿನ ಶಟರಿಗೆ ಎಣ್ಣೆ ಬಿಟ್ಟು, ಅದರ ಅಡಿಯಂಚಿಗೆ ಹೊಸ ರಬ್ಬರ್ ಪಟ್ಟಿ ಹಾಕಿದ. ಹಳೆಯ ಪಟ್ಟಿಯನ್ನು ಶೆಡ್ಡಿನಲ್ಲೇ ಇದ್ದ ಇಲಿಯೊಂದು ಓಡಾಡಲಿಕ್ಕೆಂದು ಕಡಿದು ಸಂದು ಮಾಡಿತ್ತು. ಈಗ ಅದೇ ಇಲಿ ಹಳೇ ಟಯರಿನೊಳಗೆ ಮರಿ ಹಾಕಿತ್ತು.

ಸಂಜೆ ಶಟರ್ ಕೆಳಗಿಳಿದ ಕೂಡಲೇ ಇಲಿ ಹೊಸ ಪಟ್ಟಿಯ ಬಳಿ ಬಂದು ಹೇಳಿತು: "ಪಟ್ಟಿಯೇ, ನೆಲಕ್ಕೆ ಬಿಗಿಯಾಗಿ ಒತ್ತಿಕೋ. ಕೂದಲು ತೂರುವಷ್ಟು ಸಂದೂ ಬಿಡಬೇಡ. ಹೊರಗೆ ಚಳಿಯಿದೆ, ಹಾವಿದೆ."

"ಒತ್ತಿಕೊಳ್ಳುತ್ತೇನೆ. ಒಳಗೆಲ್ಲ ನೋಡಿಕೊಂಡೆಯಾ?" ಎಂದಿತು ಪಟ್ಟಿ.

"ಒಳಗೆ ನೋಡುವುದೇನಿದೆ? ಇರುವವರು ನಾವೇ."

ಮೂಲೆಯ ಗೋಣಿಚೀಲಗಳ ಅಡಿಯಿಂದ ಕೇರೆಹಾವು ತಲೆಯೆತ್ತಿತು. "ಚಳಿ ನನಗೂ ಆಗುತ್ತದೆ, ಇಲಿಯಮ್ಮ. ನೀನು ಕಡಿದಿಟ್ಟ ಸಂದಿನಿಂದ ನಿನ್ನೆಯೇ ಒಳಗೆ ಬಂದೆ" ಎಂದು ಟಯರಿನ ಕಡೆ ಹರಿಯಿತು.

ಇಲಿ ಟಯರಿಗೆ ಹಾರಿ, ಸಿಕ್ಕಿದ ಒಂದು ಮರಿಯನ್ನು ಕಚ್ಚಿಕೊಂಡು ಓಡಿಬಂದು ಪಟ್ಟಿಯ ಮುಂದಿಟ್ಟಿತು. "ಸ್ವಲ್ಪ ಮೇಲೇಳು! ನಾನು ಸತ್ತರೂ ಸರಿ, ಇದೊಂದನ್ನಾದರೂ ಹೊರಗೆ ಬಿಡು."

"ನನಗೆ ಗೊತ್ತಿರುವುದು ಒತ್ತಿಕೊಳ್ಳುವುದಷ್ಟೇ. ಎತ್ತುವವರು ಹೊರಗಿದ್ದಾರೆ" ಎಂದಿತು ಪಟ್ಟಿ.

ಹೊರಗೆ ಶಾಂತೇಗೌಡ ಬಗ್ಗಿ, ಶಟರಿನ ಬುಡಕ್ಕೆ ಅಂಗೈ ಹಿಡಿದು ನೋಡುತ್ತಿದ್ದ. ಒಂದಿಷ್ಟೂ ಗಾಳಿ ಆಡುತ್ತಿರಲಿಲ್ಲ.

"ಒಳಗೇನೋ ಕಿರುಚಿದ ಹಾಗಾಯ್ತಲ್ರೀ?" ಎಂದಳು ಹೆಂಡತಿ.

"ಚಳಿಗೆ ತಗಡು ಕಿರುಗುಟ್ಟಿದ್ದು ಕಣೇ. ನಾಳೆ ಇನ್ನೊಂಚೂರು ಎಣ್ಣೆ ಬಿಟ್ಟರಾಯ್ತು" ಎಂದು ಶಾಂತೇಗೌಡ ಬೀಗ ಹಾಕಿದ.